ಎಡಗೈ ಪೆಟ್ಟು ನಿಲ್ಲದ ಬೇಸಿಗೆ

ಹೋದ ವಾರ ಸುಂಕದಕಟ್ಟೆಯ ಹಳೇ ಊರೊಳಗೆ, ಭಜನೆಮನೆಯ ಮುಂದೆ ಚಪ್ಪಲಿ ಬಿಡುತ್ತಿದ್ದಾಗ ಒಳಗಿನ ಸ್ಪೀಕರಿನಿಂದ ಮೃದಂಗದ ಎಡಗೈ ಪೆಟ್ಟು ಕೇಳಿಸಿತು. ಹೊಡೆದ ಕೈ ಚರ್ಮ ಬಿಟ್ಟು ಎಷ್ಟೋ ಹೊತ್ತಾದ ಮೇಲೂ ಅದು ಗುಮ್ಮೆಂದು ಗೋಡೆ ಹಿಡಿದುಕೊಂಡು ತೆವಳುತ್ತಿತ್ತು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ. ಕೊಡಬೇಕಾಗಿದ್ದ ಗೃಹಪ್ರವೇಶದ ಕಾರ್ಡನ್ನು ಪಕ್ಕದ ಅಂಗಡಿಯವರ ಕೈಗಿಟ್ಟು, ಮಾಗಡಿ ರಸ್ತೆಗೆ ಬಂದು ಸಿಕ್ಕಿದ ಬಸ್ಸು ಹತ್ತಿದೆ. ಸಿಟ್ಟು ಇಷ್ಟು ಕಾಲ ಕೆಡದೆ ಉಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಇದನ್ನು ನೆನಪು ಎಂದು ಕರೆಯಲು ನನಗೆ ಅನುಮಾನವಿದೆ. ನೆನಪು ಮನೆ ಒರೆಸುವ ಬಟ್ಟೆಯಂತೆ. ಎಲ್ಲವನ್ನೂ ಒಂದೇ ಸಮ ಮಾಡಿಬಿಡುತ್ತದೆ. ಹೋದವರನ್ನು ದೇವರಾಗಿಸುತ್ತದೆ, ಇದ್ದವರನ್ನು ರಾಕ್ಷಸರಾಗಿಸುತ್ತದೆ. ನಮ್ಮ ಕಮಲತ್ತೆ ಹೋಗಿಲ್ಲ, ಇದ್ದಾಳೆ. ದೇವರಂತೂ ಅಲ್ಲವೇ ಅಲ್ಲ, ಬಾಯಿ ತೆಗೆದರೆ ಬೈಗುಳ. ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಇಲ್ಲ ಎಂದೇ ಬರೆಯುತ್ತೇನೆ. ಖಾತ್ರಿಯಿರುವುದು ಸ್ವಲ್ಪವೇ, ಆದರೆ ಸಾಕಾಗುವಷ್ಟಿದೆ.

ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟ ಬೇಸಿಗೆ ಅದು. ಸುಂಕದಕಟ್ಟೆಯ ಗಲ್ಲಿಗಳಲ್ಲಿ ಬೆಳಗಾಗುತ್ತಿದ್ದುದೇ ಟ್ಯಾಂಕರಿನ ರಿವರ್ಸ್ ಹಾರನ್ನಿನಿಂದ. ಪಾತ್ರೆ ತೊಳೆದ ನೀರು ಬಚ್ಚಲಿಗೆ, ಬಚ್ಚಲಿನದು ಗಿಡಕ್ಕೆ. ಯಾರ ಮನೆಗೆ ಯಾವಾಗ ಟ್ಯಾಂಕರ್ ಬಂತು ಎನ್ನುವುದು ಬೀದಿಗೆಲ್ಲ ಗೊತ್ತಿರುತ್ತಿತ್ತು. ನಾನು ಮದುವೆಯಾಗಿ ವಿಜಯನಗರದಲ್ಲಿದ್ದೆ. ಕಮಲತ್ತೆ ಮಾತ್ರ ಸುಂಕದಕಟ್ಟೆಯ ಮನೆಯಲ್ಲೇ, ನನ್ನ ಅಣ್ಣ ಮಂಜ, ಅತ್ತಿಗೆಯ ಜೊತೆ ಇದ್ದಳು. ಅವಳು ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ.

ಕೆಲಸಕ್ಕೆ ಸೇರಿದಾಗ ಅವಳು ರೇಡಿಯೋ ವಾಲ್ವ್ ತಯಾರಿಸುವ ಕಾರ್ಖಾನೆಯಲ್ಲಿದ್ದಳು, ತಯಾರಾದದ್ದನ್ನು ಪರೀಕ್ಷಿಸುವ ವಿಭಾಗದಲ್ಲಿ. ಗಾಜಿನ ಕೊಳವೆಯೊಳಗೆ ಕೆಂಡದಂತೆ ಕಾಯುವ ಆ ವಾಲ್ವನ್ನು ಈಗಿನವರು ನೋಡಿರಲಿಕ್ಕಿಲ್ಲ. ಟ್ರಾನ್ಸಿಸ್ಟರ್ ಬರುವ ಮುಂಚೆ ರೇಡಿಯೋ, ಆಂಪ್ಲಿಫೈಯರ್ ಎಲ್ಲ ಅದರ ಮೇಲೇ ನಡೆಯುತ್ತಿದ್ದವು. ಪ್ರಾಯದಲ್ಲಿ ಎಸ್.ಪಿ. ರಸ್ತೆಯಿಂದ ಸಾಮಾನು ತಂದು ತಾನೇ ಒಂದು ಆಂಪ್ಲಿಫೈಯರ್ ಕಟ್ಟಿ ಊರ ಭಜನೆಮನೆಗೆ ಕೊಟ್ಟಳು. ಆಗ ಹೆಂಗಸರು ಭಜನೆಮನೆಯೊಳಗೆ ಕೂರುವಂತಿರಲಿಲ್ಲ, ಜಗಲಿಯಲ್ಲಿ ಕೂತು ಕೇಳಬೇಕು. ಆಂಪ್ಲಿಫೈಯರ್ ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಇವಳಿಗೆ ಮಾತ್ರ ಒಳಗೊಂದು ಸ್ಟೂಲು ಹಾಕಿದರು. ಅವಳು ಹಾಡಲಿಲ್ಲ, ತಾಳ ಹಾಕಲಿಲ್ಲ. ಸದ್ದು ಏರಿಸಿಳಿಸುವ ಗುಂಡಿಯ ಮೇಲೆ ಕೈಯಿಟ್ಟು ಗಂಡಸರ ತಪ್ಪುಗಳನ್ನು ಕೇಳಿಸಿಕೊಂಡಳು, ಆಮೇಲೆ ಹೇಳಿದಳು. ಭಜನೆಮನೆಯಲ್ಲಿ ಅವಳನ್ನು ಕಂಡರೆ ಯಾರಿಗೂ ಪ್ರೀತಿಯಿರಲಿಲ್ಲ. ಭಯವಿತ್ತು. ಅದು ಅವಳಿಗೆ ಸಾಕಾಗಿತ್ತು.

ಅವಳು ನನಗೆ ಒಮ್ಮೆ ಒಂದು ಬಿಡಿ ಸ್ಪೀಕರ್ ತೋರಿಸಿದ್ದಳು. ಅದರ ಎರಡು ತಂತಿಗಳನ್ನು ಬೇರೆಬೇರೆಯಾಗಿ ಬಿಟ್ಟು, ಬಾಯಿಗಿದ್ದ ಕಾಗದದ ಪರದೆ ತೋರಿಸಿ, "ಕಾಗದದ ಮೇಲೆ ಕುಟ್ಟು" ಎಂದಳು. ಕುಟ್ಟಿದೆ. ಗುಮ್ ಎಂದಿತು. ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿ ಹಿಡಿದು, "ಈಗ ಕುಟ್ಟು" ಎಂದಳು. ತಪ್ ಎಂದು ಅಲ್ಲೇ ಸತ್ತಿತು.

"ಸ್ಪೀಕರ್ ಅನ್ನೋದು ತಳ್ಳಿದ್ರೆ ಸುಮ್ನೆ ನಿಲ್ಲಲ್ಲ ಕಣೇ, ಆಡ್ತಾನೇ ಇರುತ್ತೆ. ಆಡುವಾಗ ತಾನೂ ಒಂಚೂರು ಕರೆಂಟ್ ಹುಟ್ಟಿಸ್ತದೆ. ಅದಕ್ಕೆ ಹರಿಯೋಕೆ ಸಲೀಸಾದ ದಾರಿ ಕೊಟ್ರೆ ಅದೇ ಬ್ರೇಕು. ದಾರಿ ಕೊಡಲಿಲ್ಲಾಂದ್ರೆ ಕುಣೀತದೆ."

ಆಂಪ್ಲಿಫೈಯರ್ ಆ ದಾರಿಗೆ ಒಡ್ಡುವ ತಡೆಗೆ ಔಟ್‌ಪುಟ್ ಇಂಪಿಡೆನ್ಸ್ ಎನ್ನುತ್ತಾರೆ. ಅವಳು ಬಳಸಿದ ಬಗೆಯ ವಾಲ್ವಿನಲ್ಲಿ ಆ ತಡೆ ಹುಟ್ಟಾ ಜಾಸ್ತಿ. ಅದನ್ನು ಇಳಿಸಲೆಂದು ಅವಳು ಸ್ಪೀಕರಿಗೆ ಹೋಗುವ ಸದ್ದಿನ ಒಂದು ಪಾಲನ್ನು ತಂತಿಯೊಂದರಿಂದ ವಾಪಸ್ಸು ಮೊದಲ ವಾಲ್ವಿಗೆ ತಂದು, ತಿರುಗುಮುರುಗಾಗಿ ಸೇರಿಸಿದ್ದಳು. ಇದೇ ಫೀಡ್‌ಬ್ಯಾಕ್. ಹೊರಗೆ ಹೋದದ್ದು ಒಳಗೆ ಬಂದದ್ದಕ್ಕಿಂತ ಬೇರೆಯಾದರೆ, ಸ್ಪೀಕರ್ ತಾನೇ ಆಡಿ ಏನಾದರೂ ಬೆರೆಸಿದರೆ, ಆ ತಂತಿ ಬಂದು ಚಾಡಿ ಹೇಳುತ್ತದೆ. ಆಂಪ್ಲಿಫೈಯರ್ ತಕ್ಷಣ ತಿದ್ದಿಕೊಳ್ಳುತ್ತದೆ. ಸದ್ದು ಸ್ವಲ್ಪ ಕಮ್ಮಿಯಾಗುತ್ತದೆ, ಹಿಡಿತ ಬರುತ್ತದೆ. ತಪ್ಪನ್ನು ಬಂದು ಹೇಳುವ ಒಂದು ತಂತಿ ಎಂದ ಮೇಲೆ ಅದನ್ನು ನಮ್ಮ ಊರಿಗೂ ಮನೆಗೂ ಹೋಲಿಸಬಹುದು ಎಂದು ನನಗೂ ಹೊಳೆಯುತ್ತದೆ. ಹೋಲಿಸುವುದಿಲ್ಲ. ತಂತಿ ತಂತಿಯೇ. ಅದನ್ನು ಒಬ್ಬ ಮನುಷ್ಯ ಕತ್ತರಿಸಿದ, ಅಷ್ಟೆ.

ಆ ಮನುಷ್ಯನ ಹೆಸರು ಪ್ರಭಾಕರ್. ಶ್ರೀಗಂಧದ ಕಾವಲ್ ಕಡೆ ಮನೆ ಕಟ್ಟಿಕೊಂಡು ಬಂದವರು, ನಿವೃತ್ತರು, ಹಳೇ ರೇಡಿಯೋ ಕೂಡಿಡುವ ಶೋಕಿಯವರು. ಒಳ್ಳೆಯವರು. ಇದನ್ನು ಹಲ್ಲು ಕಚ್ಚಿ ಬರೆಯುತ್ತಿದ್ದೇನೆ, ಆದರೆ ನಿಜ: ಎಲ್ಲರಿಗೂ ಸಹಾಯ ಮಾಡುತ್ತಿದ್ದರು, ನಗುನಗುತ್ತ ಮಾತಾಡುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ಕಮಲತ್ತೆ ಚಿಕೂನ್‌ಗುನ್ಯ ಬಂದು ಕೀಲು ಹಿಡಿದು ಮಲಗಿದ್ದಾಗ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಪ್ರಭಾಕರ್ ಅದನ್ನು ರಾಜಾಜಿನಗರಕ್ಕೆ ಒಯ್ದು ಹೊಸದಾಗಿ ಸುತ್ತಿಸಿ ತಂದು ಬೆಸುಗೆ ಹಾಕಿದರು. ತಂತಿಗಳಲ್ಲಿ ಎರಡು ಅದಲುಬದಲಾದವು. ಹಾಗಾದರೆ ತಿದ್ದಬೇಕಾದ ಫೀಡ್‌ಬ್ಯಾಕ್ ತಪ್ಪಿಗೇ ಕುಮ್ಮಕ್ಕು ಕೊಡುತ್ತದೆ. ವಾಲ್ವು ಕಾದ ಕೂಡಲೇ ಆಂಪ್ಲಿಫೈಯರ್ ಊಳಿಡುತ್ತದೆ. ಊಳಿಟ್ಟಿತು. ಅದಲುಬದಲಾದ ಎರಡನ್ನು ಮತ್ತೆ ಬದಲಿಸಿದ್ದರೆ ಮುಗಿಯುತ್ತಿತ್ತು. ಅವರು ಫೀಡ್‌ಬ್ಯಾಕ್ ತಂತಿಯನ್ನೇ ಕತ್ತರಿಸಿದರು. ಊಳು ನಿಂತಿತು. ಜೊತೆಗೆ ಗುಂಡಿ ತಿರುಗಿಸುವ ಮೊದಲೇ ಸದ್ದು ಜೋರಾಯಿತು. ಭಜನೆಮನೆಯವರಿಗೆ ಖುಷಿಯೋ ಖುಷಿ. "ಸಾರ್, ನಮ್ ಆಂಪ್ಲಿಗೆ ಇಷ್ಟು ಪವರ್ ಇತ್ತಾ!"

ಇದು ಯಾವುದೂ ಕಮಲತ್ತೆಗೆ ಗೊತ್ತಿರಲಿಲ್ಲ. ಅವಳು ಎದ್ದು ಓಡಾಡುವ ಹೊತ್ತಿಗೆ ಬೇಸಿಗೆ ಬಂದಿತ್ತು. ಅಷ್ಟರಲ್ಲಿ ಮೋಟರಿನ ವಿಷಯ ನಡೆದುಹೋಯಿತು.

ಟ್ಯಾಂಕರ್ ಬಂದು ನೆಲದೊಳಗಿನ ಸಂಪು ತುಂಬಿಸಿ ಹೋದ ಮೇಲೆ ಅವಳು ಮೋಟರ್ ಹಾಕಿ ಮರೆತಳು. ಮಹಡಿಯ ಟ್ಯಾಂಕು ತುಂಬಿ, ಉಕ್ಕಿ, ಗೋಡೆಯುದ್ದ ಇಳಿದು ಬೀದಿಗೆ ಹರಿಯಿತು. ಆ ಬೇಸಿಗೆಯಲ್ಲಿ ಬೀದಿಯಲ್ಲಿ ನೀರು ಹರಿಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಜನ ಕೊಡ, ಬಕೆಟ್ಟು, ಅನ್ನದ ಡಬರಿ ಹಿಡಿದು ಓಡಿಬಂದು ಗೋಡೆಗೆ ಒಡ್ಡಿದರು. ಮಂಜ ತನ್ನ ಅಂಗಡಿಯಿಂದ ಬಂದು ನೋಡಿದಾಗ ಅವನ ಮನೆಯ ಗೋಡೆಯ ಮುಂದೆ ಕ್ಯೂ ಇತ್ತು. ಕಮಲತ್ತೆ ಒಳಗೆ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ಇನ್ನೊಂದು ಸಲವೂ ಹಾಗಾಯಿತು ಎನ್ನುತ್ತಾರೆ. ಆ ಎರಡನೆಯದು ತನ್ನ ಕೆಲಸವಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ನಾನು ಅಲ್ಲಿರಲಿಲ್ಲ. ಆದರೆ ಆ ದಿನಗಳಲ್ಲಿ ಅವಳು ನನ್ನೊಡನೆ ಫೋನಿನಲ್ಲಿ ಮಾತಾಡುತ್ತ ಅರ್ಧಕ್ಕೆ, "ನೀನ್ಯಾವಾಗ ಮಾಡ್ದೆ ಫೋನು?" ಎಂದು ಕೇಳಿದ್ದುಂಟು. ಇದನ್ನು ಬಿಟ್ಟು ಬರೆದರೆ ಕಥೆ ಚೆಂದವಾಗುತ್ತಿತ್ತು.

ರಾಮನವಮಿಗೆ ಭಜನೆಮನೆಯಲ್ಲಿ ಸಪ್ತಾಹ. ಏಳು ದಿನ ಸರದಿಯ ಮೇಲೆ ಬಿಡದೆ ಭಜನೆ. ಮೊದಲ ದಿನ ಬೆಳಿಗ್ಗೆ ಕಮಲತ್ತೆ ಕೋಲೂರಿಕೊಂಡು ಬಂದು ತನ್ನ ಸ್ಟೂಲಿನ ಮೇಲೆ ಕೂತಳು. ನಾನೂ ಜಗಲಿಯಲ್ಲಿದ್ದೆ. ಮೃದಂಗಕ್ಕೆ ಮುನಿರಾಜ ಕೂತಿದ್ದ. ಊರಿನವನೇ, ಕಮಲತ್ತೆಯ ಕಣ್ಣೆದುರಿಗೆ ಬೆರಳಿಟ್ಟು ಕಲಿತವನು. ನಾದ ತುಂಬಿ ಬರಲೆಂದು ಎಡಗಡೆಯ ಚರ್ಮಕ್ಕೆ ಕಲಸಿದ ರವೆ ಮೆತ್ತಿ, ನಾದ ನೋಡಿ, ಶುರು ಮಾಡಿದ. ಎರಡು ಸಾಲು ಹಾಡಾಗುವಷ್ಟರಲ್ಲಿ ಇವಳು ಎದ್ದು ನಿಂತಳು.

"ನಿಲ್ಸ್ರೋ! ಮುನಿ, ರವೆ ಎಷ್ಟು ಮೆತ್ತಿದ್ದೀಯೋ ಕತ್ತೆ? ಕೆಸರು ತುಳ್ದಂಗಿದೆ!"

ಮುನಿರಾಜ ರವೆ ಕೆರೆದು ಕಮ್ಮಿ ಮಾಡಿದ. ಮತ್ತೆ ಹಾಗೆಯೇ.

"ಬಾಕ್ಸ್ ಯಾರೋ ಬದಲಾಯ್ಸಿದ್ದೀರಿ. ಯಾರ್ ಮುಟ್ಟಿದ್ದು? ಯಾರು?"

ಸ್ಪೀಕರಿನ ಬಾಕ್ಸನ್ನು ಯಾರೂ ಮುಟ್ಟಿರಲಿಲ್ಲ. ಅವಳು ಎರಡು ಸಲ ತಪ್ಪು ಹೇಳಿದಳು, ಜನ ಎರಡು ಸಲ ನಕ್ಕರು. ಪ್ರಭಾಕರ್ ಬಂದು ಅವಳ ಭುಜ ಹಿಡಿದು ಮೆತ್ತಗೆ ಕೂರಿಸಿದರು.

"ಆಂಟಿ, ಸೌಂಡ್ ಸೂಪರಾಗಿದೆ. ವಯಸ್ಸಾದ ಮೇಲೆ ಬೇಸ್ ಒಂಥರಾ ಕೇಳ್ಸುತ್ತೆ. ಒಂದ್ಸಲ ಕಿವಿ ಡಾಕ್ಟ್ರಿಗೆ ತೋರ್ಸಿ, ನಂಗೆ ಗೊತ್ತಿರೋರು ಬಸವೇಶ್ವರನಗರದಲ್ಲಿದ್ದಾರೆ."

"ನಿನ್ ಕಿವಿ ತೋರ್ಸೋ ಮೊದ್ಲು," ಎಂದಳು. ಜಗಲಿಯಲ್ಲಿದ್ದ ಹೆಂಗಸರೂ ನಕ್ಕರು. ಮಂಜ ಬಂದು ಕೈ ಹಿಡಿದು ಕರೆದುಕೊಂಡು ಹೋದ. ಆ ನಗುವಿನಲ್ಲಿ ದ್ವೇಷವಿರಲಿಲ್ಲ, ಅದೇ ನನಗೆ ಈಗಲೂ ಸಹಿಸಲಾಗದ್ದು. ಅಯ್ಯೋ ಪಾಪ ಎನ್ನುವ ನಗು.

ಮಧ್ಯಾಹ್ನ ಮನೆಯಲ್ಲಿ ಮಂಜ ಕೆಂಗೇರಿಯ ಮಾತು ತೆಗೆದ. ಕೆಂಗೇರಿಯಿಂದ ಆಚೆಗೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಜಾಗವಿದೆ, ಚೊಕ್ಕಟವಾಗಿದೆ, ನರ್ಸ್ ಇರುತ್ತಾರೆ.

"ಗ್ಯಾಸ್ ಹಾಕಿ ಮರೆತ್ರೆ ಏನ್ಮಾಡ್ಲಿ ಉಮಾ? ನಾನೂ ಇವ್ಳೂ ಸಂಜೆಗಂಟ ಅಂಗಡೀಲಿರ್ತೀವಿ. ಇವತ್ತು ನೀನೇ ನೋಡಿದ್ಯಲ್ಲ, ಇಲ್ದಿರೋದೆಲ್ಲ ಕೇಳ್ಸ್ತಾ ಇದೆ ಅತ್ತೆಗೆ."

ಕಮಲತ್ತೆ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿದಳು.

"ಮರೀತೀನಿ ಅನ್ನು, ಒಪ್ಕೋತೀನಿ. ಮೋಟರ್ ಮರ್ತೆ. ನಾಳೆ ನಿನ್ ಹೆಸ್ರೂ ಮರೀಬೌದು. ಆದ್ರೆ ಕೇಳ್ಸಲ್ಲ ಅನ್ಬೇಡ. ಆ ಆಂಪ್ಲಿಲಿ ಏನೋ ಆಗಿದೆ."

"ಎಲ್ಲಾರ್ಗೂ ಸರಿಯಾಗಿ ಕೇಳ್ಸ್ತಿದೆ, ನಿಂಗೊಬ್ಳಿಗೆ..."

"ಎಲ್ಲಾರ್ ಮುಂದೇನೇ ತೋರಿಸ್ತೀನಿ."

ಮಂಜ ಸುಸ್ತಾಗಿದ್ದ. ಸುಸ್ತಿಗೇ ಅಂದನೋ, ಲೆಕ್ಕ ಹಾಕಿ ಅಂದನೋ ನನಗೆ ಇವತ್ತಿಗೂ ತಿಳಿಯದು. "ಸರಿ ಕಣತ್ತೆ. ಸಪ್ತಾಹ ಮುಗೀಲಿ. ನೀನು ಹೇಳಿದ್ದು ನಿಜ ಅಂತ ಅವ್ರೆಲ್ಲಾ ಒಪ್ಪಿದ್ರೆ ನಾನು ಕೆಂಗೇರಿ ಅನ್ನೋ ಮಾತೇ ಎತ್ತಲ್ಲ. ಒಪ್ದಿದ್ರೆ ನೀನು ಕಾರ್ ಹತ್ಬೇಕು."

"ಆಯ್ತು," ಎಂದು ಅವಳು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡಳು.

ಷರತ್ತು ಎಲ್ಲಿತ್ತೆಂದು ನಾನಾಗಲಿ ಅವಳಾಗಲಿ ಗಮನಿಸಲಿಲ್ಲ. ಅವಳು ಸರಿಯಾಗಿದ್ದರೆ ಎಂದಲ್ಲ, ಅವರೆಲ್ಲಾ ಒಪ್ಪಿದರೆ ಎಂದು.

ಸಪ್ತಾಹ ಮಂಗಳವಾದ ಮಾರನೇ ದಿನ, ಪಾನಕದ ಪಾತ್ರೆಗಳನ್ನು ಇನ್ನೂ ತೊಳೆಯದೆ ಇಟ್ಟಿದ್ದ ಮಧ್ಯಾಹ್ನ, ಎಲ್ಲರೂ ಸೇರಿದರು. ನಾನು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವಳು. ಮುಳ್ಳಿನ ವೋಲ್ಟ್‌ಮೀಟರೊಂದನ್ನೂ ಕರೆಂಟಿಗೆ ತಡೆಯೊಡ್ಡುವ ಎರಡು ದಪ್ಪ ರೆಸಿಸ್ಟರುಗಳನ್ನೂ ಕೇಳಿ ತಂದಿದ್ದೆ. ಫ್ಯಾನು ಬಿಸಿಗಾಳಿಯನ್ನು ತಿರುವಿಹಾಕುತ್ತಿತ್ತು. ಕಮಲತ್ತೆ ಸ್ಟೂಲಿನಲ್ಲಿ ಕೂತು ಹೇಳಿದಳು, ನಾನು ಮಾಡಿದೆ. ಸ್ಪೀಕರ್ ಬಿಚ್ಚಿ ಆ ಜಾಗಕ್ಕೆ ಒಂದು ರೆಸಿಸ್ಟರ್ ಹಾಕಬೇಕು. ಏನೂ ಇಲ್ಲದೆ ಬರಿಯಾಗಿ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ಮತ್ತೆ ಸುಡುತ್ತದೆ. ಮೊಬೈಲಿನಿಂದ ಒಂದೇ ಸಮನಾದ ಸ್ವರ ಕೊಟ್ಟು ಮುಳ್ಳು ಎಲ್ಲಿ ನಿಂತಿತು ನೋಡಬೇಕು. ಆಮೇಲೆ ಎರಡನೇ ರೆಸಿಸ್ಟರನ್ನು ಮೊದಲನೆಯದರ ಪಕ್ಕಕ್ಕೆ ಮುಟ್ಟಿಸಬೇಕು.

"ಹಿಡಿತ ಇದ್ರೆ ಮುಳ್ಳು ಅಳ್ಳಾಡಲ್ಲ," ಎಂದಳು. "ಎರಡು ಹೇರು ಹಾಕಿದ್ರೂ ನಿಂತ್ಕೋಬೇಕು ಅದು."

ಮುಟ್ಟಿಸಿದೆ. ಮುಳ್ಳು ಕಾಲು ಮುರಿದ ಹಾಗೆ ಕುಸಿಯಿತು. ಹೆಚ್ಚುಕಮ್ಮಿ ಅರ್ಧಕ್ಕೆ.

ಆಂಪ್ಲಿಫೈಯರ್ ಆಫ್ ಮಾಡಿ ಮಗುಚಿದೆವು. ಕಮಲತ್ತೆ ಸ್ಕ್ರೂಡ್ರೈವರಿನ ತುದಿಯನ್ನು ಒಳಗೆಲ್ಲೋ ಮುಟ್ಟಿಸಿದಳು. ಉಳಿದಿದ್ದ ಕರೆಂಟಿನಿಂದ ಚಟ್ ಎಂದು ಕಿಡಿ ಹಾರಿತು, ಮುಂದೆ ಬಗ್ಗಿದ್ದವರೆಲ್ಲ ಹಿಂದಕ್ಕೆ ಹಾರಿದರು. ಕತ್ತರಿಸಿದ ತಂತಿ ಅಲ್ಲೇ ಜೋತುಬಿದ್ದಿತ್ತು. ಅವಳು ಅದನ್ನು ಎತ್ತಿ ಹಿಡಿದು ಪ್ರಭಾಕರ್ ಮುಖ ನೋಡಿದಳು.

"ಅದು ಬೇಕಂತಲೇ ತೆಗ್ದಿದ್ದು ಆಂಟಿ," ಎಂದರು ಅವರು. "ಈಗ ಎಲ್ಲಾ ಕಡೆ ಹಂಗೇ ಮಾಡೋದು. ಫೀಡ್‌ಬ್ಯಾಕ್ ಇದ್ರೆ ಸಂಗೀತ ಉಸಿರಾಡಲ್ಲ."

"ಊಳಿಟ್ಟಿತ್ತಾ ಇಲ್ವಾ? ಅದಕ್ಕೆ ತೆಗ್ದಿದ್ದು ತಾನೇ?"

ಅವರು ನಕ್ಕರು. ಕೀಲುನೋವಿನ ಬೆರಳುಗಳಲ್ಲೇ ಅವಳು ಅದಲುಬದಲಾದ ಎರಡು ತಂತಿ ಬಿಡಿಸಿ ಬದಲಿಸಿದಳು, ಕತ್ತರಿಸಿದ್ದನ್ನು ಬೆಸೆದಳು. ಬೆಸುಗೆ ಹಿಡಿಯಲು ಹಚ್ಚುವ ರೋಸಿನ್ನಿನ ಹೊಗೆ ಊದುಬತ್ತಿಯ ವಾಸನೆಯನ್ನು ಮುಚ್ಚಿತು. ಮತ್ತೆ ಅದೇ ಪರೀಕ್ಷೆ. ಈ ಸಲ ಎರಡನೇ ರೆಸಿಸ್ಟರ್ ಮುಟ್ಟಿದಾಗ ಮುಳ್ಳು ಕದಲಿತು, ಅಷ್ಟೆ. ನಾನು ಎಲ್ಲರ ಮುಖ ನೋಡಿದೆ. ಗೆದ್ದೆವು ಅಂದುಕೊಂಡಿದ್ದೆ. ಮುಳ್ಳನ್ನು ಯಾರು ತಾನೇ ಇಲ್ಲ ಎನ್ನುತ್ತಾರೆ?

ಸ್ಪೀಕರ್ ಹಾಕಿದೆ. ಮುನಿರಾಜ ಬಾರಿಸಿದ. ಎಡಗೈ ಪೆಟ್ಟು ಬಿತ್ತು, ನಿಂತಿತು. ಹೊಡೆತ ಮತ್ತು ಮೌನ, ಎರಡೂ ಬೇರೆಬೇರೆಯಾಗಿ ಕೇಳಿಸಿದವು.

"ಸೌಂಡೇ ಇಲ್ವಲ್ಲ ಕಮಲಕ್ಕ!" ಎಂದರು ಭಜನೆಯವರೊಬ್ಬರು.

"ಗುಂಡಿ ತಿರ್ಗ್ಸ್ರೋ. ಅದಕ್ಕೇ ಇರೋದು ಅದು."

"ಮುಂಚೆ ತಿರುಗ್ಸದೇನೇ ಬರ್ತಿತ್ತಲ್ಲ."

ನಾನು ಗುಂಡಿ ತಿರುಗಿಸಿದೆ. ಸದ್ದು ಏರಿತು, ಬಿಗಿಯಾಗಿಯೇ ಏರಿತು. ಆದರೆ ಅಷ್ಟರಲ್ಲಿ ಮಾತು ನಡೆದುಹೋಗಿತ್ತು. ಪ್ರಭಾಕರ್ ಕೈ ಕಟ್ಟಿಕೊಂಡು, "ಜೀವ ಹೋಯ್ತಲ್ಲ," ಎಂದರು, ಬೇಸರದಿಂದ, ಯಾರನ್ನೂ ದೂರದೆ. ಒಬ್ಬೊಬ್ಬರೇ ತಲೆಯಾಡಿಸಿದರು. ಹೌದು ಜೀವ ಹೋಯ್ತು. ಮುಳ್ಳಿಗೇನು, ಮುಳ್ಳು ಭಜನೆ ಕೇಳುತ್ತಾ?

ಮಂಜ ಆಗ ಮುನಿರಾಜನ ಕಡೆ ತಿರುಗಿದ. ಅವನಿಗೂ ಅತ್ತೆ ಗೆಲ್ಲಲಿ ಎಂದಿತ್ತು, ಅಷ್ಟು ನ್ಯಾಯ ನಾನು ಅವನಿಗೆ ಮಾಡಬೇಕು. "ಮುನಿ, ಅವ್ರಿವ್ರ ಮಾತು ಬಿಡು. ಬಾರ್ಸೋನು ನೀನು, ನಿನ್ ಕೈ ಅದು. ಯಾವುದ್ ಸರಿ, ಹೇಳು ಮಗಾ."

ಮುನಿರಾಜ ಎಡಗೈಗೆ ಅಂಟಿದ್ದ ರವೆಯನ್ನು ಉಜ್ಜಿಕೊಂಡ. ಪ್ರಭಾಕರ್ ಅವನನ್ನು ತಮ್ಮ ಬಡಾವಣೆಯ ಕಾರ್ಯಕ್ರಮಗಳಿಗೆಲ್ಲ ಕರೆಸುತ್ತಿದ್ದರು. ಅದಕ್ಕೋ, ಅಷ್ಟು ಜನರ ಎದುರು ಒಬ್ಬನೇ ನಿಲ್ಲಲಾಗದ್ದಕ್ಕೋ ಗೊತ್ತಿಲ್ಲ. ಅವನು ಉಜ್ಜಿದ. ರವೆ ನೆಲದ ಮೇಲೆ ಉದುರಿತು.

"ನಂಗೆ ಎರಡೂ ಒಂದೇ ಥರಾ ಕೇಳ್ತದೆ ಅಣ್ಣ," ಎಂದ.

ಕಮಲತ್ತೆ ಬಯ್ಯುತ್ತಾಳೆಂದು ಕಾದೆ. ಜೀವಮಾನವೆಲ್ಲ ಬೈದವಳು. ಅವಳು ಬೆಸುಗೆಯ ಕಡ್ಡಿಯ ಪ್ಲಗ್ ಕಿತ್ತು, ತಂತಿ ಸುತ್ತಿ ಚೀಲಕ್ಕೆ ಹಾಕಿ, ಕೋಲು ಹುಡುಕಿಕೊಂಡು ಎದ್ದಳು.

"ಮಂಜ, ಕಾರ್ ತೆಗಿ."

"ಅತ್ತೆ, ಇವತ್ತೇ ಏನಲ್ಲ..."

"ಮಾತು ಮಾತೇ ಕಣೋ. ತೆಗಿ."

ನಾನು ರಸ್ತೆಯಲ್ಲಿ ಅವಳ ಕೈ ಹಿಡಿದು ನಮ್ಮನೆಗೆ ಬಾ ಎಂದೆ, ಒಂದಲ್ಲ ಹತ್ತು ಸಲ. ನನ್ನ ಗಂಡನೂ ಫೋನ್ ಮಾಡಿ ಕರೆದರು. "ನಿಮ್ಮನೇಲೂ ಸಂಪಿದೆ, ಮೋಟರಿದೆ," ಎಂದಳು. "ಮರ್ತೆ ಅಂತ ಬಯ್ಸ್ಕೊಳ್ಳೋಕೆ ಶಕ್ತಿ ಇದೆ ನಂಗೆ. ಕೇಳ್ಸಿದ್ದು ನಿಜಾನಾ ಅಂತ ಇನ್ನೊಂದು ಮನೇಲಿ ಪರೀಕ್ಷೆಗೆ ಕೂರೋಕಿಲ್ಲ." ಬಟ್ಟೆ ತುಂಬಿದ್ದು ನಾನೇ. ಜ್ಞಾನಭಾರತಿ ದಾಟುವಾಗ ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು ಎಂದು ಬರೆಯಲು ಕೈ ಹೋಗುತ್ತದೆ. ನಿಜವೆಂದರೆ ನಿದ್ದೆ ಮಾಡುತ್ತಿದ್ದಳು, ಬಾಯಿ ತೆರೆದುಕೊಂಡು.

ನಾವು ಅತ್ತ ಹೊರಟ ಒಂದೇ ವಾರದೊಳಗೆ ಯಾರೋ ಆ ತಂತಿಯನ್ನು ಮತ್ತೆ ಕತ್ತರಿಸಿದರು. ಯಾರೆಂದು ನಾನು ಕೇಳಲಿಲ್ಲ. ಎಲ್ಲರೂ ಎಂದುಕೊಂಡಿದ್ದೇನೆ, ಹಾಗೆಯೇ ಇರಲಿ.

ಮಳೆ ಬಂದದ್ದು ತಡವಾಗಿ. ಮೊದಲ ದೊಡ್ಡ ಮಳೆಯಾದ ಭಾನುವಾರ ನಾನು ಕೆಂಗೇರಿಯಲ್ಲಿ ಅವಳ ಜೊತೆ ವೆರಾಂಡದಲ್ಲಿ ಕೂತಿದ್ದೆ. ಅವಳು ತೆಳ್ಳಗಾಗಿದ್ದಳು. ಅಲ್ಲಿಯ ನರ್ಸಮ್ಮನ ಮೊಬೈಲಿನ ಸ್ಪೀಕರ್ ಒಡೆದಿದೆ ಎಂದು ಬೆಳಗಿನಿಂದ ಆ ಹೆಂಗಸನ್ನು ಪೀಡಿಸುತ್ತಿದ್ದಳು. ಗೇಟಿನಲ್ಲಿ ಮುನಿರಾಜ ಕಾಣಿಸಿಕೊಂಡ. ತೊಯ್ದಿದ್ದ, ಕೈಯಲ್ಲಿ ಬಾಳೆಹಣ್ಣಿನ ಕವರಿತ್ತು. ನಾನು ಕುರ್ಚಿ ಕೊಡಲಿಲ್ಲ. ಅವನು ಮೆಟ್ಟಿಲ ಮೇಲೆ, ಅವಳ ಕಾಲಬಳಿ ಕೂತ. ಸುಮಾರು ಹೊತ್ತು ಮಳೆಯ ಮಾತು, ಬೋರಿಗೆ ನೀರು ಬಂದ ಮಾತು. ಆಮೇಲೆ ನೆಲ ನೋಡಿಕೊಂಡು ಹೇಳಿದ.

"ಅಕ್ಕ, ಅವತ್ತು ನೀವ್ ಹೇಳಿದ್ದೇ ಸರಿ. ನಂಗೆ ಮೊದ್ಲನೇ ಪೆಟ್ಟಿಗೇ ಗೊತ್ತಾಗಿತ್ತು. ಈಗ ಬಾರ್ಸಕ್ಕೇ ಆಗ್ತಿಲ್ಲ, ಎಲ್ಲಾ ಕಲಸಿಹೋಗ್ತದೆ."

ಅವಳಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ಆ ಹೊತ್ತಿಗಾಗಲೇ ಅವಳು ಕೆಲವು ದಿನ ನನ್ನನ್ನು ನಮ್ಮಮ್ಮನ ಹೆಸರಿನಿಂದ ಕರೆಯುತ್ತಿದ್ದಳು. ಅವಳು ಬಗ್ಗಿ ಅವನ ಎಡಗೈ ಎತ್ತಿಕೊಂಡು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಬಿಟ್ಟಳು.

"ಇದು ನಂಗೆ ಗೊತ್ತಿರೋದೇ ಕಣೋ. ನಂಗ್ಯಾಕೆ ಹೇಳ್ತೀಯ? ಹೋಗಿ ಅಲ್ಲಿ ಹೇಳು."

"ಹೇಳ್ತೀನಿ ಅಕ್ಕ."

"ಈಗ್ಲೇ ಹೋಗು."

"ಮಳೆ ನಿಲ್ಲಲಿ ಅಕ್ಕ, ಹೊರಡ್ತೀನಿ."

ಮಳೆ ನಿಂತಿತು. ಅವನು ಎದ್ದು, ಕವರನ್ನು ಕಿಟಕಿಯ ಮೇಲಿಟ್ಟು, ಅವಳಿಗೆ ನಮಸ್ಕಾರ ಮಾಡಿ ಗೇಟು ದಾಟಿದ. ಸುಂಕದಕಟ್ಟೆಯ ಕಡೆಗೆ ಹೋಗುವ ಬಸ್ಸು ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತದೆ. ಅವನು ರಸ್ತೆ ದಾಟದೆ ಈಚೆ ಬದಿಯಲ್ಲೇ ನಿಂತಿದ್ದ. ಕಮಲತ್ತೆ ಕತ್ತು ಚಾಚಿ ಅದನ್ನೇ ನೋಡುತ್ತಿದ್ದಳು.